ರಾತ್ರಿ ಟಿಎಚ್‌ಡಿ 78%, ಹಗಲು 31%: ಯಾವುದಕ್ಕೆ ಹೆದರಬೇಕು?

ಪ್ರಶ್ನೆ:
ಮೇಂಟೆನೆನ್ಸ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಮೂರು ಫೇಸ್ ಮೋಟಾರ್ ಡ್ರೈವ್‌ಗಳಿರುವ (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳು) ಪ್ಯಾನೆಲ್‌ಗೆ ಪವರ್ ಅನಲೈಸರ್ ಕಟ್ಟಿ ಒಂದು ದಿನ ಬಿಟ್ಟಿದ್ದೆವು. ಹಗಲು ಪೂರ್ತಿ ಲೋಡ್‌ನಲ್ಲಿ 50 ಹರ್ಟ್ಸ್ ಕರೆಂಟ್ 100 ಆಂಪಿಯರ್, ಟಿಎಚ್‌ಡಿ (ಕರೆಂಟಿನ ಅಲೆ ಎಷ್ಟು ಕೆಟ್ಟಿದೆ ಎಂಬ ಅಳತೆ) 31%. ರಾತ್ರಿ ಬರೀ 10 ಆಂಪಿಯರ್, ಟಿಎಚ್‌ಡಿ ಮಾತ್ರ 78%! ಕೆಲಸ ಇಲ್ಲದಾಗಲೇ ಕರೆಂಟ್ ಜಾಸ್ತಿ ಕೆಡುತ್ತದಾ? ಜೊತೆಗೆ ರಾತ್ರಿ ಅದೇ ಮೀಟರ್ ಒಂದು ಕಡೆ ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.98, ಇನ್ನೊಂದು ಕಡೆ 0.77 ತೋರಿಸಿತು. ಯಾವುದನ್ನು ನಂಬಲಿ?

ಉತ್ತರ 1:
ಶೇಕಡಾ ಕಂಡ ಕೂಡಲೇ "ಯಾವುದರ ಶೇಕಡಾ?" ಅಂತ ಕೇಳಿ. ಟಿಎಚ್‌ಡಿ ಲೆಕ್ಕ ಹಾಕುವುದು ಆ ಹೊತ್ತಿಗೆ ಹರಿಯುತ್ತಿರುವ 50 ಹರ್ಟ್ಸ್ ಕರೆಂಟಿನ ಮೇಲೆ. ರಾತ್ರಿ 10ರಲ್ಲಿ 78% ಅಂದರೆ 7.8 ಆಂಪಿಯರ್ ಹಾರ್ಮೋನಿಕ್ (50 ಹರ್ಟ್ಸ್‌ನ 3, 5, 7 ಪಟ್ಟು ಹೀಗೆ ಬೇರೆ ವೇಗದಲ್ಲಿ ಹರಿಯುವ ಕರೆಂಟ್). ಹಗಲು 100ರಲ್ಲಿ 31% ಅಂದರೆ 31 ಆಂಪಿಯರ್. ಕೇಬಲ್ ಬಿಸಿಯಾಗುವುದು ಆಂಪಿಯರ್‌ನಿಂದ ಅಲ್ವಾ? ನಾನು ಮೊದಲ ಸಲ ವರದಿ ಬರೆದಾಗ ರಾತ್ರಿಯ ಅಂಕಿಗೆ ಕೆಂಪು ಗೆರೆ ಎಳೆದು, ಹಗಲಿನ ಪುಟ ಬಿಟ್ಟುಬಿಟ್ಟಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ಗೊಂದಲ ತಪ್ಪಿಸಲೆಂದೇ ಹಾರ್ಮೋನಿಕ್ ಮಿತಿಗಳ ಮಾನದಂಡವಾದ ಐಟ್ರಿಪಲ್‌ಇ 519 ಕರೆಂಟಿನ ಒಟ್ಟು ಮಿತಿಯನ್ನು ಟಿಡಿಡಿ ಎಂಬ ಇನ್ನೊಂದು ಶೇಕಡಾದಲ್ಲಿ ಹೇಳುತ್ತದೆ. ಅಲ್ಲಿ ಭಾಗಿಸುವುದು ಗರಿಷ್ಠ ಬೇಡಿಕೆಯ ಕರೆಂಟಿನಿಂದ. ನಿಮ್ಮದು 100 ಅಂತಿಟ್ಟುಕೊಂಡರೆ ರಾತ್ರಿ 7.8%, ಹಗಲು 31%. ಆದರೆ ಆ ಮಿತಿ ಅನ್ವಯಿಸುವುದು ಸರಬರಾಜು ಜಾಲಕ್ಕೆ ನೀವು ಸೇರುವ ಜಾಗದಲ್ಲಿ, ಒಳಗಿನ ಪ್ರತಿ ಪ್ಯಾನೆಲ್‌ಗೂ ಅಲ್ಲ.

ಪವರ್ ಫ್ಯಾಕ್ಟರ್ ಎರಡೂ ನಿಜ. 0.98 ನೋಡುವುದು 50 ಹರ್ಟ್ಸ್ ವೋಲ್ಟೇಜಿಗೂ ಕರೆಂಟಿಗೂ ನಡುವಿನ ಕೋನವನ್ನಷ್ಟೇ. 0.77ರಲ್ಲಿ ಹಾರ್ಮೋನಿಕ್ಕೂ ಸೇರಿದೆ. ನೀವೇ ಪೆನ್ನು ಹಿಡಿದು ನೋಡಿ: 0.78ರ ವರ್ಗಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1.27. 0.98ನ್ನು ಅದರಿಂದ ಭಾಗಿಸಿ. 0.77 ಬಂತಲ್ಲ!

ಉತ್ತರ 2:
ನಿಮ್ಮ ಡ್ರೈವ್‌ಗಳಲ್ಲಿ ಮುಖ್ಯವಾಗಿ 5 ಮತ್ತು 7ನೇ ಹಾರ್ಮೋನಿಕ್ ಇರುತ್ತವೆ. ಕಂಪ್ಯೂಟರ್, ಎಲ್‌ಇಡಿ ದೀಪಗಳಿರುವ ಪ್ಯಾನೆಲ್‌ಗೆ ಹೋದರೆ ನ್ಯೂಟ್ರಲ್ ಮರೆಯಬೇಡಿ. ಅಲ್ಲಿ 3ನೆಯದು ಮೂರು ಫೇಸಿನಲ್ಲೂ ಒಂದೇ ತಾಳದಲ್ಲಿ ಇರುತ್ತದೆ. ಒಂದಕ್ಕೊಂದು ಕಳೆಯುವುದಿಲ್ಲ, ಕೂಡುತ್ತದೆ. 3ನೆಯದು ಫೇಸಿಗೆ 12 ಆಂಪಿಯರ್ ಇದ್ದರೆ ನ್ಯೂಟ್ರಲ್‌ನಲ್ಲಿ 36. ಅಳೆಯುವ ಕ್ಲ್ಯಾಂಪ್ ಮೀಟರ್ ಟ್ರೂ ಆರ್‌ಎಂಎಸ್ (ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವಂಥದ್ದು) ಆಗಿರಲಿ, ಇಲ್ಲದಿದ್ದರೆ ಕೆಟ್ಟ ಅಲೆಗೆ ತಪ್ಪು ಓದು ಬರುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಲೆಕ್ಕ ಮಾಡಿದೆ, ಸರಿಯಾಗಿ ಬಂತು. 0.77 ನೋಡಿ ಇಲ್ಲಿ ಕೆಪಾಸಿಟರ್ ಹಾಕೋಣ ಅನ್ನುತ್ತಿದ್ದಾರೆ.

ಉತ್ತರ 1:
ದಯವಿಟ್ಟು ತಡೆಯಿರಿ. ಕೆಪಾಸಿಟರ್ ಸರಿಮಾಡುವುದು ಕೋನವನ್ನು, ಅದು ಆಗಲೇ 0.98 ಇದೆ. ಸುಮ್ನೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಜೊತೆ ಸೇರಿ 5 ಅಥವಾ 7ನೇ ಹಾರ್ಮೋನಿಕ್ ಹತ್ತಿರ ರೆಸೊನೆನ್ಸ್ ಆಗಿ (ಆ ಹಾರ್ಮೋನಿಕ್ ಹಲವು ಪಟ್ಟು ಹಿಗ್ಗಿ) ಕೆಪಾಸಿಟರೇ ಸುಟ್ಟೀತು. ಮೊದಲು ಡ್ರೈವ್‌ಗಳಿಗೆ ಲೈನ್ ರಿಯಾಕ್ಟರ್ (ಹಾರ್ಮೋನಿಕ್ ತಗ್ಗಿಸುವ ಸುರುಳಿ) ಇದೆಯಾ ನೋಡಿ ಹೇಳಿ.