ಅಪ್‌ಡೇಟ್: ಗದ್ದೆ ಬದುವಿನ ಅಲಸಂದೆ ಏನಾಯ್ತು?

ಭತ್ತದ ಗದ್ದೆ ಬದುವಿನ ಮೇಲೆ ಅಲಸಂದೆ ಹಾಕಿದರೆ ಹುಳದ ಕಾಟ ಕಮ್ಮಿಯಾಗುತ್ತಾ ಅಂತ ಮುಂಗಾರಿನಲ್ಲಿ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮೊನ್ನೆ ಕೊಯ್ಲು ಮುಗೀತು.

ನಾಟಿಯಾದ ವಾರಕ್ಕೆ ಅಲಸಂದೆ, ನಡುನಡುವೆ ಬೆಂಡೆ ಬೀಜ ಊರಿದೆ. ತಿಂಗಳಾಗುತ್ತಲೇ ಅಲಸಂದೆ ಕುಡಿಯೆಲ್ಲ ಕರಿ ಹೇನು! ಔಷಧಿ ಹೊಡೆಯೋಕೆ ಕ್ಯಾನ್ ಹೆಗಲಿಗೇರಿಸಿದ್ದೆ. ‘ತಡೀರಿ, ಹೇನು ತಿನ್ನೋಕೆ ಗುಲಗಂಜಿ ಹುಳ ಬರ್ತವೆ’ ಅಂತ ನಿಮ್ಮಲ್ಲೊಬ್ಬರು ಹೇಳಿದ್ದು ನೆನಪಾಗಿ ಇಳಿಸಿದೆ. ಹತ್ತು ದಿನದಲ್ಲಿ ಬಂದವು, ಭತ್ತಕ್ಕೂ ಇಳಿದವು. ಜೇಡಗಳಂತೂ ಬುಡಬುಡದಲ್ಲೂ. ಭತ್ತದ ಬುಡದಲ್ಲಿ ರಸ ಹೀರೋ ಕಂದು ಜಿಗಿಹುಳು ಅಲ್ಲೊಂದು ಇಲ್ಲೊಂದು ಕಂಡಿತಷ್ಟೆ. ಹುಳಕ್ಕೆ ಅಂತ ಒಂದು ಸಲವೂ ಸಿಂಪಡಿಸಲಿಲ್ಲ.

ಎಲ್ಲಾ ಅಲಸಂದೆಯದೇ ಪುಣ್ಯ ಅನ್ನೋಕಾಗಲ್ಲ. ಈ ಸಲ ಯೂರಿಯಾ ಕಮ್ಮಿ ಮಾಡಿದ್ದೆ, 2 ಮೀಟರಿಗೊಂದು 30 ಸೆಂ.ಮೀ. ಅಗಲದ ಖಾಲಿ ಜಾಡನ್ನೂ ಬಿಟ್ಟಿದ್ದೆ. ಬುಡಕ್ಕೆ ಗಾಳಿ ಬೆಳಕು ಬಿದ್ದರೆ ಜಿಗಿಹುಳುವಿಗೆ ಆಗಿಬರಲ್ಲ.

ಭತ್ತಕ್ಕೆ ಬರೋ ಶಿಲೀಂಧ್ರದ ಬೆಂಕಿರೋಗಕ್ಕೆ ಇದರಿಂದ ಏನೂ ಉಪಯೋಗ ಕಾಣಲಿಲ್ಲ, ಒಂದು ಮಡಿಗೆ ಶಿಲೀಂಧ್ರನಾಶಕ ಹೊಡೆಯಲೇಬೇಕಾಯ್ತು. ಅಲಸಂದೆ ಕಾಯಿ ಮನೆಗೆ ಸಾಕಾಗಿ ಪಕ್ಕದವರಿಗೂ ಹಂಚಿದೆವು. ಬೆಂಡೆ? ಅರ್ಧ ಎಮ್ಮೆ ಪಾಲು.