ಕೊಪ್ಪಳ: ನರ್ಸರಿಯ ಆರು ಜನಕ್ಕೆ ಕ್ರಿಸ್‌ಮಸ್ ಉಡುಗೊರೆ, ಕೈಯಲ್ಲಿ ₹1,500. ಏನು ಕೊಡಲಿ?

ಮುದಗಲ್ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ತವರು ಮುದಗಲ್, ಈಗ ಇರೋದು ಕೊಪ್ಪಳದಲ್ಲಿ. ಮಗಳು ಎಲ್‌ಕೆಜಿ. ಜೂನ್‌ನಲ್ಲಿ ಶಾಲೆಗೆ ಸೇರಿಸಿದಾಗ ಮೂರು ವಾರ ಗೇಟಿನ ಹತ್ತಿರ ಕಿರುಚಿ ಅಳುತ್ತಿದ್ದಳು. ಅಲ್ಲಿನ ಒಬ್ಬ ಆಯಾ ದಿನಾ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು, ಬೇವಿನ ಮರದ ಅಳಿಲು ತೋರಿಸುತ್ತಾ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಭಾನುವಾರವೂ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ.

ನಮ್ಮದು ಕ್ರಿಸ್‌ಮಸ್ ಮಾಡುವ ಮನೆ. ಮುದಗಲ್‌ನಲ್ಲಿ ಅವ್ವ ಹಬ್ಬಕ್ಕೆ ಇಡೀ ಓಣಿಗೆ ಕರ್ಜಿಕಾಯಿ, ಚಕ್ಕುಲಿ ಕಳಿಸುತ್ತಿದ್ದಳು. ಮೊಹರಂ ಬಂದರೆ ನಮ್ಮ ಮನೆಗೆ ಚೊಂಗೆ ಅನ್ನೋ ಸಿಹಿ ತಿಂಡಿ ಬರುತ್ತಿತ್ತು. ಹಾಗೆ ಬೆಳೆದವಳು ನಾನು, ಹಬ್ಬದಲ್ಲಿ ಕೈ ಖಾಲಿ ಇಟ್ಟುಕೊಂಡು ಶಾಲೆಗೆ ಹೋಗಲು ಮನಸ್ಸು ಬರುವುದಿಲ್ಲ. ಇಬ್ಬರು ಟೀಚರ್, ಇಬ್ಬರು ಆಯಾ, ವ್ಯಾನ್ ಡ್ರೈವರ್, ವಾಚ್‌ಮ್ಯಾನ್. ಒಟ್ಟು ಆರು ಜನ. ಇಟ್ಟಿರೋದು ಒಂದೂವರೆ ಸಾವಿರ. ಮನೆಯಲ್ಲಿ ಮಾಡುವ ತಿಂಡಿ ಇದರಲ್ಲಿ ಸೇರಿಲ್ಲ.

ಗೇಟಿನ ಹತ್ತಿರ ಒಬ್ಬರು, "ಕ್ಲಾಸ್ ಟೀಚರ್‌ಗೆ ಕೊಟ್ಟರೆ ಸಾಕು, ಆಯಾಗಳಿಗೆಲ್ಲಾ ಯಾಕೆ" ಅಂದರು. ನನಗೆ ಅದು ಒಪ್ಪಲಿಲ್ಲ. 24ಕ್ಕೆ ಶಾಲೆಯಲ್ಲಿ ಹಬ್ಬ ಮಾಡ್ತಾರೆ, ಅಷ್ಟರಲ್ಲಿ ತರಬೇಕು. ಟೀಚರ್ ಆಗಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ರಾಯಚೂರು ಟೀಚರ್ (ನಿವೃತ್ತಿ):

ತಂಗಿ, ಇಪ್ಪತ್ತೆರಡು ವರ್ಷ ನರ್ಸರಿಯಲ್ಲೇ ಇದ್ದೆ. ಮೊದಲು ಬೇಡದ್ದನ್ನು ಹೇಳ್ತೀನಿ. ಜಂಪರ್ ಪೀಸ್, ಅಂದ್ರೆ ಬ್ಲೌಸ್ ಬಟ್ಟೆ, ಬೇಡ. ನನ್ನ ಕಪಾಟಿನಲ್ಲಿ ಇನ್ನೂ ಒಂದು ಕಟ್ಟು ಇದೆ. ಪೀಸಿನ ಬೆಲೆಗಿಂತ ಹೊಲಿಗೆ ಕೂಲಿ ಜಾಸ್ತಿ ಆಗುತ್ತೆ, ಹಾಗಾಗಿ ಅದು ಮುಂದಿನ ಮನೆಯ ಉಡಿ ತುಂಬೋಕೆ ಹೋಗುತ್ತೆ. ಕಾಫಿ ಮಗ್ಗೂ ಬೇಡ. ಪ್ರತಿ ಹಬ್ಬಕ್ಕೂ ಬರ್ತವೆ.

ಕೇಕ್ ಕೊಡೋದಾದರೆ ಮೊಟ್ಟೆ ಹಾಕದ್ದು ತನ್ನಿ, ಅದನ್ನು ಮೇಲೆ ಬರೆದೂ ಕೊಡಿ. ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನ ಮೊಟ್ಟೆ ಮುಟ್ಟುತ್ತಿರಲಿಲ್ಲ. ಕೇಳೋಕೆ ಸಂಕೋಚ. ಹಾಗೇ ಮನೆಗೆ ಒಯ್ದು ಪಕ್ಕದ ಮಕ್ಕಳಿಗೆ ಕೊಡ್ತಿದ್ದರು. ರೋಸ್ ಕುಕ್ಕಿಗೂ ಕೆಲವು ಮನೆಗಳಲ್ಲಿ ಮೊಟ್ಟೆ ಹಾಕ್ತಾರೆ ಅಲ್ವಾ? ನಿಮ್ಮ ಕರ್ಜಿಕಾಯಿಯೇ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ನನಗೆ ಉಪಯೋಗವಾದದ್ದು. ನಾವು ದಿನವಿಡೀ ನಿಂತೇ ಇರ್ತೀವಿ. ಡಿಸೆಂಬರ್ ಒಣ ಗಾಳಿಗೆ ಹಿಮ್ಮಡಿ ಒಡೆದು ಉರಿಯುತ್ತೆ. ಒಬ್ಬ ತಾಯಿ ಹಿಮ್ಮಡಿಗೆ ಹಚ್ಚುವ ಕ್ರೀಮ್, ಒಂದು ಜೊತೆ ಕಾಟನ್ ಸಾಕ್ಸ್ ಕೊಟ್ಟಿದ್ದರು. ಆ ವರ್ಷದ ಬೇರೆ ಯಾವ ಉಡುಗೊರೆಯೂ ನನಗೆ ನೆನಪಿಲ್ಲ.

ಗಂಗಾವತಿ ಅಪ್ಪ:

ನನ್ನ ಅಭಿಪ್ರಾಯ ಬೇರೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ತಲಾ ನೂರು ಹಾಕಿ, ಸೇರಿಸಿ ಏನಾದರೂ ದೊಡ್ಡದು ಕೊಡಿ. ನಿಮ್ಮೊಬ್ಬರ ಮೇಲೆ ಭಾರ ಬೀಳಲ್ಲ.

ಒಬ್ಬರೇ ಕೊಡ್ತೀರಿ ಅಂದರೆ ಟೀಚರ್‌ಗಳಿಗೆ ಕಿನ್ನಾಳದ ಗೊಂಬೆ ನೋಡಿ. ಕೊಪ್ಪಳದಿಂದ ಹತ್ತಿರವೇ ಇದೆ. ಹಗುರವಾದ ಮರ, ಅದರ ಮೇಲೆ ಹುಣಸೆ ಬೀಜದ ಅಂಟು, ಮರದ ಹೊಟ್ಟು ಮೆತ್ತಿ, ಬಣ್ಣ ಹಚ್ಚಿ ಮಾಡ್ತಾರೆ. ದೊಡ್ಡ ಗೊಂಬೆ ನಿಮ್ಮ ಲೆಕ್ಕಕ್ಕೆ ಸಿಗಲ್ಲ, ಸಣ್ಣ ಗಿಳಿ, ಹಣ್ಣು ಕೇಳಿ ನೋಡಿ. ಆನೆಗೊಂದಿಯಲ್ಲಿ ಬಾಳೆ ನಾರಿನ ಚೀಲ, ಬುಟ್ಟಿಗಳೂ ಸಿಗ್ತವೆ.

ರಾಯಚೂರು ಟೀಚರ್ (ನಿವೃತ್ತಿ):

ಅಣ್ಣ, ಗ್ರೂಪಿನಲ್ಲಿ ದುಡ್ಡು ಎತ್ತೋದು ಬೇಡ. ನೂರು ರೂಪಾಯಿ ಕೊಡಲಾಗದ ಮನೆಗಳೂ ಇರ್ತವೆ. ಹೆಸರು ಪಟ್ಟಿಯಲ್ಲಿ ಬರಲಿಲ್ಲ ಅಂತ ಮಗುವನ್ನು ಬಿಡೋಕೆ ಬರುವ ತಾಯಿ ತಲೆ ತಗ್ಗಿಸಿ ಹೋಗೋದನ್ನು ನಾನೇ ನೋಡಿದ್ದೀನಿ. ಗೊಂಬೆಯ ಮಾತು ಮಾತ್ರ ಚೆನ್ನಾಗಿದೆ.

ಕೌಲ್ ಬಜಾರ್ ಹುಡುಗಿ, ಬಳ್ಳಾರಿ:

ಅಕ್ಕ, ನನ್ನ ಅಮ್ಮ ಹದಿನಾಲ್ಕು ವರ್ಷ ನರ್ಸರಿಯಲ್ಲಿ ಆಯಾ ಆಗಿದ್ದರು. ಅದಕ್ಕೇ ಬರೀತಿದ್ದೀನಿ.

ಹಬ್ಬದ ದಿನ ಟೀಚರ್‌ಗಳಿಗೆ ಬಣ್ಣದ ಪೊಟ್ಟಣ, ಅಮ್ಮನಿಗೆ ಉಳಿದ ಕೇಕ್ ಪೇಪರ್ ಪ್ಲೇಟಿನಲ್ಲಿ. ಅಮ್ಮ ಏನೂ ಅನ್ನುತ್ತಿರಲಿಲ್ಲ. ನಮಗೆ ತಂದು ಕೊಡ್ತಿದ್ದರು, ನಾವು ಖುಷಿಯಿಂದ ತಿಂತಿದ್ದೆವು. ದೊಡ್ಡವಳಾದ ಮೇಲೆ ನನಗೆ ಅರ್ಥ ಆಯ್ತು.

ಒಂದು ವರ್ಷ ಒಬ್ಬರು ಎರಡು ಡಬ್ಬಿಯ ಸ್ಟೀಲ್ ಟಿಫಿನ್ ಕೊಟ್ಟರು. ಮೇಲೆ ಚೀಟಿ ಅಂಟಿಸಿ ಅಮ್ಮನ ಹೆಸರು ಬರೆದಿದ್ದರು. "ಆಯಾ" ಅಂತ ಅಲ್ಲ, ಹೆಸರು. ಅಮ್ಮ ಆ ಟಿಫಿನ್‌ನಲ್ಲೇ ಕೆಲಸ ಬಿಡೋತನಕ ಬುತ್ತಿ ಒಯ್ದರು. ಚೀಟಿ ಹರಿದು ಹೋಗಬಾರದು ಅಂತ ಬಿಡಿಸಿ ಬೈಬಲ್ ಒಳಗೆ ಇಟ್ಟಿದ್ದಾರೆ.

ಫಿನಾಯಿಲ್ ನೀರಲ್ಲಿ ಕೈ ಇಟ್ಟೂ ಇಟ್ಟೂ ಬೆರಳ ಸಂದು ಬಿರಿಯುತ್ತೆ. ವ್ಯಾಸಲೀನ್ ಡಬ್ಬಿ ಒಂದು ಜೊತೆಗೆ ಇಡಿ. ಡ್ರೈವರ್, ವಾಚ್‌ಮ್ಯಾನ್ ಅವರಿಗೆ ದಪ್ಪ ಟವೆಲ್. ಚಳಿಗೆ ತಲೆಗೆ ಸುತ್ತಿಕೊಳ್ತಾರೆ, ಬೇಸಿಗೆಗೆ ಬೆವರು ಒರೆಸೋಕೆ ಬೇಕೇ ಬೇಕು.

ಮುದಗಲ್ ಮಗಳು:

ತಂಗಿ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆರು ತಿಂಗಳಾಯ್ತು, ಆ ಆಯಾ ಹೆಸರು ನನಗೆ ಗೊತ್ತಿರಲಿಲ್ಲ. ಮರುದಿನವೇ ಕೇಳಿದೆ. "ನನ್ನ ಹೆಸರಾ?" ಅಂತ ತಿರುಗಿ ಕೇಳಿ, ಆಮೇಲೆ ಹೇಳಿದರು.

ನಿನ್ನೆ ಎಲ್ಲಾ ತಂದೆ. ಆಯಾಗಳಿಗೆ ಟಿಫಿನ್, ವ್ಯಾಸಲೀನ್, ಒಬ್ಬರಿಗೆ ₹350. ಟೀಚರ್‌ಗಳಿಗೆ ಹಿಮ್ಮಡಿ ಕ್ರೀಮ್, ಸಾಕ್ಸ್, ಒಬ್ಬರಿಗೆ ₹200. ಟವೆಲ್ ಎರಡು, ತಲಾ ₹150. ಒಟ್ಟು ₹1,400. ಉಳಿದ ನೂರಕ್ಕೆ ಕರ್ಜಿಕಾಯಿ ತುಂಬೋಕೆ ಡಬ್ಬಿ, ಬಣ್ಣದ ಹಾಳೆ. ಟೀಚರ್‌ಗಳದ್ದಕ್ಕಿಂತ ಆಯಾಗಳದ್ದು ಜಾಸ್ತಿ ಆಯ್ತು, ಇರಲಿ, ಬೇಕಂತಲೇ ಹಾಗೆ ಮಾಡಿದೆ. ಕಿನ್ನಾಳಕ್ಕೆ ಹೋಗೋಕೆ ಈ ಸಲ ಪುರುಸೊತ್ತು ಆಗಲಿಲ್ಲ ಅಣ್ಣ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅವ್ವ ಬರ್ತಾಳೆ, ಅವಳನ್ನು ಕರೆದುಕೊಂಡು ಹೋಗ್ತೀನಿ.

ಚೀಟಿಯ ಮೇಲೆ ನಾನು ಚುಕ್ಕೆ ಇಟ್ಟು ಕೊಟ್ಟೆ, ಮಗಳು ಚುಕ್ಕೆ ಸೇರಿಸಿ ಆರೂ ಹೆಸರು ಬರೆದಳು. ಆ ಆಯಾ ಹೆಸರಿನ ಪಕ್ಕ ಕೇಳದೇನೇ ಒಂದು ಅಳಿಲು ಬಿಡಿಸಿದ್ದಾಳೆ. ಬಾಲ ಹಾಳೆಯಿಂದ ಆಚೆ ಹೋಗಿದೆ, ಹಾಗೇ ಅಂಟಿಸಿದೆ.