ಶೋಭಾ, ಮುತ್ತುಗ ಟ್ಯಾಂಕಿನ ಮುಚ್ಚಳ ಮುಟ್ಟಬ್ಯಾಡ ಅನ್ನು

ಹಲೋ… ಹಾಂ, ರೆಕಾರ್ಡ್ ಆಗಾಕತ್ತೈತಿ. ಶೋಭಾ, ನಿನ್ನ ಮೆಸೇಜ್ ಈಗ ನೋಡಿದ್ನಿ. ಅಳಿಯ ಮುತ್ತು ಪುಣೆದಿಂದ ಗೋವಾಕ್ಕ ಹೊಂಟಾವ ಖಂಬಾಟಕಿ ಘಾಟ್‌ನ್ಯಾಗ ಗಾಡಿ ಬಂದ್ ಬಿತ್ತು, ಇಂಜಿನ್ ಕೆಂಡ ಆಗಿತ್ತು, ಪೆಟ್ರೋಲ್ ವಾಸನಿ ಗಪ್ ಅಂತ ಹೊಡೀತು, ಹೆಂಗೋ ಸಾತಾರಾ ಮುಟ್ಟಿ ಲಾಡ್ಜ್‌ನ್ಯಾಗ ಅದಾನ, "ಅಣ್ಣಾ, ಬೆಂಕಿ ಗಿಂಕಿ ಹತ್ತತೈತೇನು" ಅಂತ ಕೇಳಿದಿ. ಗಾಬರಿ ಆಗಬ್ಯಾಡ. ಆದ್ರ ಒಂದ ಮಾತು ಮೊದಲ ಹೇಳ್ತೀನಿ. ಇಂಜಿನ್ ಕಾದಾಗ ಟ್ಯಾಂಕಿನ ಮುಚ್ಚಳ ತಗೀಬ್ಯಾಡ ಅನ್ನು ಅವಗ. ಯಾಕಂದ್ರ ಅದ ಘಾಟ್, ಅದ ರೋಗ, ನಾ ಅನುಭವಿಸೇನಿ.

ನಿನ್ನ ಮದುವಿಗೇ ಬರಾಕತ್ತಿದ್ನಲ್ಲ, 1997ರ ಮೇ. ಆ ನೂರು ಸಿಸಿ ಗಾಡಿ ನಿಮಗೆಲ್ಲಾ ಗೊತ್ತೈತಿ. ಎರಡ ದಿನ ಮೊದಲ ಪುಣೆದಾಗ ಟ್ಯಾಂಕಿಗೆ ರೆಕ್ಸಿನ್ ಕವರ್ ಹೊಲಿಸಿದ್ನಿ. ಹೊಲಿದಾವ ಮುಚ್ಚಳದ ಮ್ಯಾಲೂ ಒಂದು ಪಟ್ಟಿ ಇಟ್ಟು ಗುಂಡಿ ಹಚ್ಚಿದ್ದ, ಚಂದ ಕಾಣ್ಲಿ ಅಂತ. ಆಗಿನ ಗಾಡಿ ಮುಚ್ಚಳದಾಗ ಸೂಜಿ ಮೊನಿಯಷ್ಟು ತೂತು ಇರತಿತ್ತು, ಅದರ ಮ್ಯಾಲ ಬಿಗಿಯಾಗಿ ಕುಂತಿತ್ತು ಪಟ್ಟಿ. ಪೆಟ್ರೋಲ್ ಕೆಳಗ ಇಳಿದಂಗ ಆ ತೂತಿನಿಂದ ಗಾಳಿ ಒಳಗ ಬರಬೇಕು. ಬರಲಿಲ್ಲಂದ್ರ, ತುಂಬಿದ ಬಾಟ್ಲಿ ಬೋರಲ ಹಿಡಿದ್ರ ನೀರು ತಡದ ತಡದ ಬೀಳತೈತಲ್ಲ, ಹಂಗ ಆಕ್ಕೈತಿ. ಪೆಟ್ರೋಲ್ ಗಾಳಿ ಕಲಸೂ ಕಾರ್ಬುರೇಟರ್‌ಗೆ ಪೆಟ್ರೋಲ್ ಕಡಿಮಿ, ಗಾಳಿ ಜಾಸ್ತಿ. ಹಂಗಾದ್ರ ಇಂಜಿನ್ ಇನ್ನೂ ಕಾಯತೈತಿ. ಕಿಡಿ ಹಾರಸೂ ಪ್ಲಗ್ ಬಿಚ್ಚಿದ್ರ ಕಂದು ಬಣ್ಣ ಇರಬೇಕಾದ್ದು ಸುಣ್ಣದಂಗ ಬೆಳ್ಳಗ ಇತ್ತು.

ಶಿರವಳದ ತನಾ ಛಲೋ ಓಡ್ತು. ಘಾಟ್ ಏರಾಕತ್ತಿದ್ದ ತಡಾ, ಭುಕ್ ಭುಕ್ ಅಂತ ನಿಂತ್ತು. ದಾರಿ ಮ್ಯಾಲಿನ ಮೆಸ್ತ್ರಿ ಕಾರ್ಬುರೇಟರಿನ ಸಣ್ಣ ತೂತು, ಜೆಟ್ ಅಂತಾರ, ಅದನ್ನ ಊದಿದ, ಹೊಸಾ ಪ್ಲಗ್ ಹಾಕಿದ, 180 ರೂಪಾಯಿ ತಗೊಂಡ. ಗಾಡಿ ಚಾಲೂ ಆತು. ಪ್ಲಗ್‌ದಿಂದ ಅಲ್ಲವ್ವಾ! ಟ್ಯಾಂಕಿನ್ಯಾಗ ಎಷ್ಟೈತಿ ನೋಡಾಕ ಅಂವ ಮುಚ್ಚಳ ತಗದಿದ್ದ, ಆಗ ಸುಯ್ ಅಂತ ಗಾಳಿ ಒಳಗ ಹೋತು, ಅದಕ್ಕ ಚಾಲೂ ಆತು. ಅಂವಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಹದಿನೈದು ಕಿಲೋಮೀಟರ್‌ಗೆ ಮತ್ತ ನಿಂತ್ತು. ನಿಂತ್ರ ಅರ್ಧಾ ತಾಸು ಬಿಡೂದು, ಮತ್ತ ಹೊಡಿಯೂದು, ಹಿಂಗ ಸಾತಾರಾ ಮುಟ್ಟಿದ್ನಿ.

ಅಲ್ಲಿ ಮಾಡಿದ್ದು ಇನ್ನೂ ದೊಡ್ಡ ಶ್ಯಾಣ್ಯಾತನ. ಪೆಟ್ರೋಲ್ ಕಡಿಮಿ ಆಗೈತಿ ಅಂತ ಪಂಪ್‌ನ್ಯಾಗ ಕುತ್ತಿಗಿ ಮಟ ತುಂಬಿಸಿದ್ನಿ, ಪಟ್ಟಿ ಗುಂಡಿ ಹಾಕಿ, ಬಿಸಲಾಗ ನಿಲ್ಲಿಸಿ ಚಹಾಕ್ಕ ಹೋದ್ನಿ. ಪಂಪಿನ ಪೆಟ್ರೋಲ್ ನೆಲದ ಕೆಳಗಿಂದ ಬರತೈತಿ, ತಣ್ಣಗ ಇರತೈತಿ. ಹತ್ತು ಲೀಟರ್ ಪೆಟ್ರೋಲ್ 20 ಡಿಗ್ರಿ ಕಾದ್ರ ಹತ್ತಹತ್ರ 200 ಮಿಲಿ ಹಿಗ್ಗತೈತಿ. ಹಿಗ್ಗಾಕ ಜಾಗಾ ಇಲ್ಲ, ಆವಿ ಹೊರಗ ಹೋಗಾಕ ತೂತು ಇಲ್ಲ. ಮುಂಜಾನಿ ಗಾಳಿ ಒಳಗ ಬಿಡದ ತೂತು ಮಧ್ಯಾಹ್ನ ಆವಿ ಹೊರಗ ಬಿಡಲಿಲ್ಲ. ಬಂದು ಮುಚ್ಚಳ ತಿರುವಿದ್ನಿ ನೋಡು, ಕಾರಂಜಿ! ಅಂಗಿ ಮ್ಯಾಲ, ಇಂಜಿನ್ ರೆಕ್ಕಿ ಮ್ಯಾಲ ಚೊರ್ ಅಂತ. ಎರಡ ಚಹಾ ಕುಡಿಯೂತನಾ ಸೈಲೆನ್ಸರ್ ಆರಿತ್ತು, ಅದಕ್ಕ ಇವತ್ತ ಮಾತಾಡಾಕತ್ತೇನಿ. ಅದಕ್ಕ ಮತ್ತ ಹೇಳ್ತೀನಿ, ಕಾದ ಗಾಡಿ ಮ್ಯಾಲ ಮುಚ್ಚಳ ತಗೀಬಾರ್ದು. ಎಲ್ಲಾರೂ ಕೇಳ್ರಿ, ಗಂಡ್ ಹುಡುಗ್ರಷ್ಟ ಅಲ್ಲ, ಸ್ಕೂಟಿ ಹೊಡಿಯೋ ಹೆಣ್ಣಮಕ್ಕಳೂ.

ಧಾರವಾಡ ಮುಟ್ಟೂದ್ರಾಗ ಅಕ್ಕಿಕಾಳು ಬಿದ್ದು ಹೋಗಿದ್ವು. ನಿಮ್ಮ ಮಾವನವರು "ಪುಣೆ ಮಂದಿಗೆ ಮುಹೂರ್ತ ಅಂದ್ರ ಗೊತ್ತಿಲ್ಲ" ಅಂದ್ರು, ಎಲ್ಲಾರ ಮುಂದ. ನಾ ಮೈಯೆಲ್ಲಾ ಪೆಟ್ರೋಲ್ ವಾಸನಿ ಹೊಡಕೊಂಡು ನಿಂತೇನಿ, ಯಾಕ ತಡಾ ಆತು ಅಂತ ಒಬ್ಬರೂ ಕೇಳಲಿಲ್ಲ. ಹೋಳಿಗಿ ತೀರಿದ್ವು. ಆಲ್ಬಮ್‌ನ್ಯಾಗ ತಂಗಿ ಮದುವ್ಯಾಗ ಅಣ್ಣನ ಫೋಟೋ ಇಲ್ಲ, ಬೇಕಂದ್ರ ತಗದು ನೋಡು. ಆಮ್ಯಾಲ ಅದ ಗಾಡಿ ಸುರೇಶ ನನಗ ಒಂದ ಮಾತು ಕೇಳಲಾರದ ಆರು ಸಾವಿರಕ್ಕ ಮಾರಿದ. ಇರ್ಲಿ ಬಿಡು. ಅಂವ ಈ ಗ್ರೂಪ್‌ನ್ಯಾಗ ಅದಾನ, ಕೇಳ್ಲಿ.

ಅಯ್ಯ, ಮುತ್ತುನ ಗಾಡಿ ಬಿಟ್ಟು ಎಲ್ಲಿಗೋ ಹೋದ್ನಿ.

ಅವನ ಗಾಡಿ ಬಿಎಸ್ 6, ಅಂದ್ರ ಹೊಗಿ ಕಡಿಮಿ ಮಾಡೂ ಹೊಸಾ ನಿಯಮದ್ದು. ಇದರಾಗ ಆವಿ ಬಯಲಿಗೆ ಬಿಡೂದಿಲ್ಲ. ಟ್ಯಾಂಕಿನಿಂದ ಒಂದು ರಬ್ಬರ್ ನಳಿಗಿ ಇದ್ದಲಿ ತುಂಬಿದ ಡಬ್ಬಿಗೆ ಹೋಗತೈತಿ, ಕ್ಯಾನಿಸ್ಟರ್ ಅಂತಾರ, ಅಲ್ಲಿಂದ ಇಂಜಿನ್ ಆವಿ ಎಳಕೊಂಡು ಸುಡತೈತಿ. ನೀ ಹಾಕಿದ ಫೋಟೋದಾಗ ಅಂವ ಟ್ಯಾಂಕ್ ಬ್ಯಾಗ್ ಕಟ್ಟ್ಯಾನ, ಅದರ ಮುಂದಿನ ಪಟ್ಟಿ ಟ್ಯಾಂಕಿನ ಕೆಳಗ ಹಾದೈತಿ. ನನ್ನ ಸಂಶೇ ಅದರ ಮ್ಯಾಲ, ನಳಿಗಿ ಒತ್ತಿ ಮಡಚಿರಬೇಕು. ಮುಂಜಾನಿ ಇಂಜಿನ್ ತಣ್ಣಗಿದ್ದಾಗ, ಬಯಲಿನ್ಯಾಗ, ಬ್ಯಾಗ್ ಬಿಚ್ಚಿ ಮುಚ್ಚಳದ ಮ್ಯಾಲ ಅರಿವಿ ಹಾಕಿ ನಿಧಾನ ತಗೀಲಿ. ಸುಯ್ ಅಂತ ಗಾಳಿ ಒಳಗ ಹೋದ್ರೂ ಸೈ, ಬುಸ್ ಅಂತ ಹೊರಗ ಬಂದ್ರೂ ಸೈ, ದಾರಿ ಕಟ್ಟಿರಬಹುದು ಅಂತ ಅರ್ಥ. ನಳಿಗಿ ಪೂರಾ ಬೆರಳಾಡಿಸಿ ನೋಡ್ಲಿ, ಎಲ್ಲಿ ಮಡಚೇತಿ, ಎಲ್ಲಿ ಸೀಳೇತಿ ಅಂತ.

ಎರಡನೇದು, ಅಂವ ಕುತ್ತಿಗಿ ಮಟ ತುಂಬಿಸಿರತಾನ, ನನ್ನ ಅಳಿಯ ಅಲ್ಲಾ. ಹಂಗ ಮಾಡಿದ್ರ ಆವಿ ಬದಲಿ ಪೆಟ್ರೋಲೇ ಡಬ್ಬಿಗೆ ಇಳದು ಇದ್ದಲಿ ತೊಯ್ಯತೈತಿ. ವಾಸನಿ ಬರತೈತಿ, ತುಂಬಿಸಿದ ಮ್ಯಾಲ ಚಾಲೂ ಆಗಾಕ ತ್ರಾಸ ಕೊಡತೈತಿ. ಡಬ್ಬಿ ಕಡೆ ನಳಿಗಿ ಬಿಚ್ಚಿದಾಗ ಪೆಟ್ರೋಲ್ ಹನಿ ಬಿದ್ರ ಡಬ್ಬಿ ಬದಲಿಸಬೇಕು. ಮೆಸ್ತ್ರಿ "ಡಬ್ಬಿ ಕಿತ್ತು ನಳಿಗಿಗೆ ಬೋಲ್ಟ್ ಬಡದು ಬಂದ್ ಮಾಡ್ತೀನಿ" ಅಂದ್ರ ಬ್ಯಾಡ ಅನ್ನಬೇಕು. ಅದು ನನ್ನ ರೆಕ್ಸಿನ್ ಪಟ್ಟಿನೇ ಮತ್ತ. ಇನ್ನ ಮ್ಯಾಲ ಪಂಪಿನ ನಾಜಲ್ ಮೊದಲನೇ ಸಲ ಟಕ್ ಅಂದಕೂಡ್ಲೆ ಸಾಕು ಅನ್ಲಿ. ಹಂಗಂತ ತಳಾ ಕಾಣೂ ಮಟಾನೂ ಓಡಿಸಬಾರ್ದು. ಈ ಗಾಡ್ಯಾಗ ಇಂಜಿನ್ನಿಗೆ ಪೆಟ್ರೋಲ್ ತಳ್ಳೂ ಪಂಪ್ ಟ್ಯಾಂಕಿನ ಒಳಗ ಇರತೈತಿ, ಅದಕ್ಕ ತಂಪು ಕೊಡೂದು ಪೆಟ್ರೋಲೇ.

ಕಾಯೂದಕ್ಕ ಬ್ಯಾರೆ ಕಾರಣಾನೂ ನೋಡ್ಲಿ. ಕೂಲಂಟ್, ಅಂದ್ರ ಇಂಜಿನ್ ತಂಪು ಮಾಡೂ ನೀರು, ಡಬ್ಬ್ಯಾಗ ಎರಡು ಗೆರಿ ನಡುವ ಇರಬೇಕು, ತಣ್ಣಗಿದ್ದಾಗ ನೋಡಬೇಕು. ಆ ನೀರು ಆರಸೂ ರೇಡಿಯೇಟರ್ ಮುಚ್ಚಳಾನೂ ಕಾದಾಗ ತಗೀಬಾರ್ದು, ಉಗಿ ಮಾರಿಗೇ ಹೊಡೀತೈತಿ. ಜಾಳಗ್ಯಾಗ ಕೆಸರು ಕುಂತಿದ್ರ ಸಾದಾ ಪೈಪಿನ ನೀರು ಬಿಡ್ಲಿ, ವಾಶಿಂಗ್ ಸೆಂಟರ್‌ನ ಪ್ರೆಶರ್ ಬ್ಯಾಡ, ಅದರ ತೆಳು ತಗಡಿನ ರೆಕ್ಕಿ ಬಾಗತಾವು. ಮುಂದ ಆಂಬೋಲಿ ಘಾಟ್ ಐತಿ, ಲಾರಿ ಹಿಂದ ಅರ್ಧಾ ಕ್ಲಚ್ ಹಿಡಕೊಂಡು ತೆವಳಬಾರ್ದು, ಸ್ವಲ್ಪ ಜಾಗಾ ಬಿಟ್ಟು ಒಂದನೇ ಗೇರ್‌ನ್ಯಾಗ ಪೂರಾ ಕ್ಲಚ್ ಬಿಟ್ಟು ಹೊಡೀಲಿ.

ಹಾಂ, ತಡಿ ತಡಿ, ಫೋಟೋ ಮತ್ತ ನೋಡಿದ್ನಿ. ಗಾಡಿ ಲಾಡ್ಜಿನ ಮೆಟ್ಟಲ ಕೆಳಗ ಹಚ್ಚ್ಯಾನ, ಬಾಜೂಕ ಅಡಗಿ ಮನಿ ಬಾಗಲಾ! ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಾ ಹಿಡದು ಹರದು ಹೋಗತೈತಿ, ಒಲಿ ಮಟಾ. ಚಾವಿ ತಿರುವಬ್ಯಾಡ, ನ್ಯೂಟ್ರಲ್ ಮಾಡಿ ದೂಡಕೋತ ಬಯಲಿಗೆ ತಗೊಂಡ್ ಹೋಗು ಅನ್ನು. ಈಗಿಂದೀಗ ಫೋನ್ ಹಚ್ಚು ಅವಗ, ಇದನ್ನ ಪೂರಾ ಕೇಳಕೋತ ಕೂಡಬ್ಯಾಡ.